ಪದ ಪರಿಚಯ: ಟಿಮೊಶೆಂಕೊ ತೊಲೆ

ಭಾರ ಬಿದ್ದ ತೊಲೆ ಎಷ್ಟು ಜಗ್ಗುತ್ತದೆ, ಅದುರತೊಡಗಿದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದನ್ನು ಲೆಕ್ಕ ಹಾಕುವಾಗ, ಬಾಗುವಿಕೆಯ ಜೊತೆಗೆ ತೊಲೆಯ ಒಳಪದರಗಳು ಒಂದರ ಮೇಲೊಂದು ಜಾರಲು ಹವಣಿಸುವ ಪರಿಣಾಮವನ್ನೂ ಸೇರಿಸಿಕೊಳ್ಳುವ ಗಣಿತ ಮಾದರಿಗೆ ‘ಟಿಮೊಶೆಂಕೊ ತೊಲೆ’ ಎಂದು ಹೆಸರು. ಈ ಜಾರುವಿಕೆಯನ್ನು ಎಂಜಿನಿಯರುಗಳು ಶಿಯರ್ ಎನ್ನುತ್ತಾರೆ. ಮಾದರಿಗೆ ಹೆಸರು ಕೊಟ್ಟ ಎಂಜಿನಿಯರ್ ಸ್ಟೀಫನ್ ಟಿಮೊಶೆಂಕೊ ಉಕ್ರೇನಿನ ಹಳ್ಳಿಯೊಂದರಲ್ಲಿ ಹುಟ್ಟಿ, ನಲವತ್ತು ದಾಟಿದ ಮೇಲೆ ಅಮೆರಿಕಕ್ಕೆ ವಲಸೆ ಹೋದವರು.

ಅವರಿಗಿಂತ ಮೊದಲು ಬಳಕೆಯಲ್ಲಿದ್ದುದು 18ನೆಯ ಶತಮಾನದಷ್ಟು ಹಳೆಯದಾದ, ಗಣಿತಜ್ಞರಾದ ಆಯ್ಲರ್ ಮತ್ತು ಬರ್ನೂಲಿ ಅವರ ಹೆಸರಿನ ಸಿದ್ಧಾಂತ. ತೊಲೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಮುಖವು ತೊಲೆ ಬಾಗಿದ ಮೇಲೂ ಸಮತಟ್ಟಾಗಿಯೇ ಉಳಿಯುತ್ತದೆ, ಬಾಗಿದ ಅಕ್ಷಕ್ಕೆ ಲಂಬವಾಗಿಯೇ ನಿಲ್ಲುತ್ತದೆ ಎಂಬ ಎರಡು ಊಹೆಗಳು ಅದರ ಆಧಾರ. ಟಿಮೊಶೆಂಕೊ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟರು. ಇದನ್ನು ಮನೆಯಲ್ಲಿಯೇ ನೋಡಬಹುದು. ದಪ್ಪ ಸ್ಪಂಜಿನ ತುಂಡೊಂದರ ಪಕ್ಕದ ಮೇಲೆ ಬೆರಳಗಲಕ್ಕೊಂದರಂತೆ ಪೆನ್ನಿನಿಂದ ನೇರ ಗೆರೆಗಳನ್ನೆಳೆದು, ಅದರ ತುದಿಗಳನ್ನು ಎರಡು ಪುಸ್ತಕಗಳ ಮೇಲಿಟ್ಟು ನಡುವೆ ಒತ್ತಿದರೆ, ಗೆರೆಗಳು ಹೆಚ್ಚುಕಡಿಮೆ ನೇರವಾಗಿಯೇ ಇರುತ್ತವೆ; ಆದರೆ ಬಾಗಿದ ಅಂಚಿನೊಂದಿಗೆ ಅವು ಮಾಡುವ ಕೋನ ಲಂಬಕೋನವಾಗಿ ಉಳಿದಿರುವುದಿಲ್ಲ. ಆ ಕೋನದಲ್ಲಾದ ವ್ಯತ್ಯಾಸವೇ ಶಿಯರ್. ಉದ್ದನೆಯ ತೆಳು ಪಟ್ಟಿಯಲ್ಲಿ ಇದು ಕಣ್ಣಿಗೆ ಬೀಳುವುದೇ ಕಷ್ಟ, ಮೊಂಡು ತುಂಡಿನಲ್ಲಿ ಎದ್ದು ಕಾಣುತ್ತದೆ. ವಾಸ್ತವದಲ್ಲಿ ಆ ಮುಖ ತುಸು ಡೊಂಕಾಗುವುದೂ ಉಂಟು. ಅದನ್ನು ಸರಿದೂಗಿಸಲು ಒಂದು ಗುಣಾಂಕವನ್ನು ಬಳಸುತ್ತಾರೆ, ಆಯತಾಕಾರದ ತೊಲೆಗೆ ಅದನ್ನು ಸಾಮಾನ್ಯವಾಗಿ 5/6 ಎಂದು ಹಿಡಿಯುತ್ತಾರೆ.

ಎರಡೂ ತುದಿಗಳಲ್ಲಿ ಆಸರೆಯಿದ್ದು ಉದ್ದಕ್ಕೂ ಒಂದೇ ಸಮನೆ ಭಾರ ಹೊತ್ತ ಆಯತಾಕಾರದ ಉಕ್ಕಿನ ತೊಲೆಯ ಉದ್ದವು ಅದರ ಎತ್ತರದ 20 ಪಟ್ಟಿದ್ದರೆ, ಶಿಯರಿನಿಂದ ಹೆಚ್ಚುವ ಜಗ್ಗು ಶೇ 0.6ರಷ್ಟು ಮಾತ್ರ. ಉದ್ದ 5 ಪಟ್ಟಿಗೆ ಇಳಿದರೆ ಅದು ಶೇ 10 ಆಗುತ್ತದೆ, 2 ಪಟ್ಟಿಗೆ ಇಳಿದರೆ ಶೇ 60ನ್ನೂ ದಾಟುತ್ತದೆ. ಮರಕ್ಕೆ ಎಳೆಗಳ ಉದ್ದಕ್ಕೆ ಬಿಗಿ ಹೆಚ್ಚು, ಎಳೆಗಳ ನಡುವೆ ಕಡಿಮೆಯಾದ್ದರಿಂದ, ಎತ್ತರದ 10 ಪಟ್ಟು ಉದ್ದವಿರುವ ಮರದ ತೊಲೆಯಲ್ಲೂ ಈ ಪಾಲು ಸುಮಾರು ಶೇ 15ರಷ್ಟಾಗುತ್ತದೆ.

ಆದರೆ ಟಿಮೊಶೆಂಕೊ ಹೊರಟಿದ್ದು ಕಂಪನದ ಪ್ರಶ್ನೆಯಿಂದ, ನನ್ನ ದೃಷ್ಟಿಯಲ್ಲಿ ಈ ಮಾದರಿಯ ನಿಜವಾದ ಹೆಚ್ಚುಗಾರಿಕೆ ಇರುವುದೂ ಅಲ್ಲಿಯೇ. ಹಳೆಯ ಸಿದ್ಧಾಂತವನ್ನು ನಂಬಿದರೆ, ತೊಲೆಯಲ್ಲಿ ಹರಿಯುವ ಅಲೆಯ ಉದ್ದ ಕಿರಿದಾದಂತೆಲ್ಲ ಅದರ ವೇಗ ಮಿತಿಯಿಲ್ಲದೆ ಏರುತ್ತಲೇ ಹೋಗಬೇಕು, ಅದು ನಿಸರ್ಗದಲ್ಲಿ ಸಾಧ್ಯವಿಲ್ಲ. ಬಾಗುವಾಗ ಅಡ್ಡಮುಖವೂ ತಿರುಗುತ್ತದೆ, ಆ ತಿರುಗುವಿಕೆಗೂ ಜಡತ್ವವಿದೆ ಎಂಬುದನ್ನು ಇಂಗ್ಲೆಂಡಿನ ಭೌತವಿಜ್ಞಾನಿ ರೇಲಿ ಮೊದಲೇ ಲೆಕ್ಕಕ್ಕೆ ತಂದಿದ್ದರು. ಶಿಯರಿನ ತಿದ್ದುಪಡಿ ಅದಕ್ಕಿಂತಲೂ ಮೂರ್ನಾಲ್ಕು ಪಟ್ಟು ದೊಡ್ಡದು ಎಂದು ಟಿಮೊಶೆಂಕೊ ತೋರಿಸಿದರು. ಎರಡನ್ನೂ ಸೇರಿಸಿದಾಗ ಅಲೆಯ ವೇಗಕ್ಕೆ ಒಂದು ಮಿತಿ ಒದಗಿತು.

ಈ ಲೆಕ್ಕವನ್ನು ಮುಂದಿಟ್ಟ ಅವರ ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾದದ್ದು 1921ರಲ್ಲಿ. ಆಗ ಟಿಮೊಶೆಂಕೊ ದೇಶ ಬಿಟ್ಟು ಇಂದಿನ ಕ್ರೊಯೇಷಿಯದ ಜಾಗ್ರೆಬ್ ನಗರದಲ್ಲಿದ್ದರು. 1878ರಲ್ಲಿ ಶ್ಪೋತಿವ್ಕಾ ಎಂಬ ಹಳ್ಳಿಯಲ್ಲಿ ಭೂಮಾಪಕರೊಬ್ಬರ ಮಗನಾಗಿ ಹುಟ್ಟಿದ ಅವರು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರೈಲ್ವೆ ಎಂಜಿನಿಯರಿಂಗ್ ಓದಿ, ಕೀವ್ ಪಾಲಿಟೆಕ್ನಿಕ್ಕಿನಲ್ಲಿ ಪ್ರಾಧ್ಯಾಪಕರಾದರು. ಶಿಕ್ಷಣ ಮಂತ್ರಿಯ ನೀತಿಯ ವಿರುದ್ಧದ ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದ್ದಕ್ಕಾಗಿ 1911ರಲ್ಲಿ ಕೆಲಸ ಕಳೆದುಕೊಂಡರು. ಅದೇ ವರ್ಷ ಅವರಿಗೆ ದೊರೆತ ಪ್ರಶಸ್ತಿ ಝುರಾವ್‌ಸ್ಕಿ ಹೆಸರಿನದು. ರೈಲು ಸೇತುವೆಗಳ ಮರದ ತೊಲೆಗಳನ್ನು ಗಮನಿಸಿ ಶಿಯರ್ ಒತ್ತಡದ ಸೂತ್ರವನ್ನು ಕಂಡುಕೊಂಡವರು ಅದೇ ಝುರಾವ್‌ಸ್ಕಿ ಎಂಬುದನ್ನು ಇಲ್ಲಿ ನೆನೆಯಬೇಕು. 1918ರಲ್ಲಿ ಉಕ್ರೇನಿನ ವಿಜ್ಞಾನ ಅಕಾಡೆಮಿ ಸ್ಥಾಪನೆಯಾದಾಗ ಸ್ಥಾಪಕ ಸದಸ್ಯರಲ್ಲಿ ಟಿಮೊಶೆಂಕೊ ಒಬ್ಬರಾಗಿದ್ದರು. ಅಂತರ್ಯುದ್ಧ ಅವರನ್ನು ಅಲ್ಲಿಂದಲೂ ಎಬ್ಬಿಸಿತು. ಜಾಗ್ರೆಬ್‌ನಲ್ಲಿ ಅವರು ಪಾಠ ಮಾಡುತ್ತಿದ್ದುದು ಗೊತ್ತಿದ್ದಷ್ಟು ಕ್ರೊಯೇಷಿಯನ್ ಪದಗಳನ್ನು ಬೆರೆಸಿದ ರಷ್ಯನ್ ಭಾಷೆಯಲ್ಲಿ.

1922ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ವೆಸ್ಟಿಂಗ್‌ಹೌಸ್ ಕಂಪನಿ ಸೇರಿದರು. ಅಲ್ಲಿನ ಎಂಜಿನಿಯರುಗಳಿಗೆ ಸ್ಥಿತಿಸ್ಥಾಪಕತೆಯ ಗಣಿತ ಕಲಿಸಿದರು. 1927ರಿಂದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, 1936ರಿಂದ ಸ್ಟ್ಯಾನ್‌ಫರ್ಡಿನಲ್ಲಿ ಬೋಧಿಸಿದರು. ಅವರ ಪಠ್ಯಪುಸ್ತಕಗಳು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳಿಗೂ ಬಂದವು, ಇಲ್ಲಿನ ಸಿವಿಲ್ ಮತ್ತು ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಟಿಮೊಶೆಂಕೊ ಪರಿಚಿತರಾದದ್ದು ಹಾಗೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1957ರಲ್ಲಿ ಅವರ ಹೆಸರಿನ ಪದಕವನ್ನು ಸ್ಥಾಪಿಸಿ, ಮೊದಲನೆಯದನ್ನು ಅವರಿಗೇ ನೀಡಿತು. 1972ರಲ್ಲಿ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ತೀರಿಕೊಂಡರು. ಕೀವ್‌ನ ಮೆಕ್ಯಾನಿಕ್ಸ್ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಕಟ್ಟಡ ವಿನ್ಯಾಸದ ತಂತ್ರಾಂಶಗಳಲ್ಲಿ ಈಗ ‘ಟಿಮೊಶೆಂಕೊ ಬೀಮ್’ ಎಂಬ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಇತ್ತೀಚೆಗೆ ಕೆಲವು ಸಂಶೋಧಕರು ಇದನ್ನು ‘ಟಿಮೊಶೆಂಕೊ–ಎರೆನ್‌ಫೆಸ್ಟ್ ತೊಲೆ’ ಎಂದು ಬರೆಯತೊಡಗಿದ್ದಾರೆ. ಭೌತವಿಜ್ಞಾನಿ ಪಾಲ್ ಎರೆನ್‌ಫೆಸ್ಟ್ ಅವರೊಂದಿಗೆ ಸೇರಿ ಈ ವಿಚಾರವನ್ನು ಬೆಳೆಸಿದ್ದಾಗಿ ಟಿಮೊಶೆಂಕೊ ಅವರೇ ತಮ್ಮ ರಷ್ಯನ್ ಪುಸ್ತಕದಲ್ಲಿ ಹೇಳಿಕೊಂಡಿರುವುದರಿಂದ, ಈ ಜೋಡಿ ಹೆಸರೇ ಹೆಚ್ಚು ನ್ಯಾಯವಾದದ್ದು ಎಂದು ನನಗೂ ತೋರುತ್ತದೆ.