ಹಾರದೆ ನಿಂತ ವಿಮಾನಕ್ಕೆ ಬೆಲೆ ಎಷ್ಟು?

ಅಮೆರಿಕದಲ್ಲಿ ನಾಲ್ಕು ಸೀಟಿನ ಪುಟ್ಟ ವಿಮಾನವಾದ ಹಳೆಯ ಸೆಸ್ನಾ 172 ಮಾರಾಟಕ್ಕಿದ್ದರೆ ಜಾಹೀರಾತಿನಲ್ಲಿ ಎರಡು ಸಂಖ್ಯೆಗಳು ಎದ್ದು ಕಾಣುತ್ತವೆ: ವಿಮಾನ ಒಟ್ಟು ಹಾರಿದ ಗಂಟೆ, ಮತ್ತು ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮಾಡುವ ದುರಸ್ತಿ) ಆದ ಮೇಲೆ ಓಡಿದ ಗಂಟೆ. ಮೊದಲ ಸಲ ಕೊಳ್ಳುವವರು ಇವೆರಡು ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಕಳೆದ ಐದಾರು ವರ್ಷಗಳಲ್ಲಿ ಇದು ವರ್ಷಕ್ಕೆ ಎಷ್ಟು ಗಂಟೆ ಹಾರಿದೆ, ಉಳಿದ ಹೊತ್ತು ಎಲ್ಲಿ ನಿಂತಿತ್ತು?

1968ರಿಂದ 1986ರವರೆಗೆ ತಯಾರಾದ 172ಗಳಲ್ಲಿ ಸಾಮಾನ್ಯವಾಗಿ ಲೈಕಮಿಂಗ್ ಓ-320 ಎಂಜಿನ್ ಇರುತ್ತದೆ. ಅದರಲ್ಲಿ ವಾಲ್ವ್‌ಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ (ಕ್ಯಾಮ್), ಪ್ರೊಪೆಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲಿದೆ. ಎಂಜಿನ್ ಓಡುವಾಗ ಎರಚಿದ ಎಣ್ಣೆ ಅದನ್ನು ನೆನೆಸುತ್ತದೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆ ಇಳಿದುಹೋಗಿ, ಒಳಗಿನ ತೇವ ಕ್ಯಾಮ್‌ನ ಮೇಲೆ ತುಕ್ಕು ಹಿಡಿಸುತ್ತದೆ. ಮತ್ತೆ ಓಡಿಸಿದಾಗ ಆ ತುಕ್ಕಿನ ಗುಳಿಗಳಿಂದಲೇ, ಕ್ಯಾಮ್‌ಗೆ ಒತ್ತಿ ಕೂತ ಟ್ಯಾಪೆಟ್‌ನ ಮುಖ ಚಕ್ಕೆ ಏಳತೊಡಗುತ್ತದೆ. ಆಮೇಲೆ ಎಂಜಿನ್ ಇಳಿಸಿ ಅದರ ಹೊರಕವಚವಾದ ಕ್ರ್ಯಾಂಕ್‌ಕೇಸ್ ಬಿಚ್ಚದೆ ಗತಿಯಿಲ್ಲ. "ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡುತ್ತಿದ್ದೆವು" ಎಂದು ಮಾಲೀಕರು ಹೇಳಿದರೆ ಸಮಾಧಾನ ಪಡಬೇಡಿ. ಹಾರದೆ ಹತ್ತು ನಿಮಿಷ ಓಡಿಸಿದರೆ ಎಣ್ಣೆ ಸಾಕಷ್ಟು ಕಾಯುವುದಿಲ್ಲ; ತೇವ ಹೋಗುವ ಬದಲು ಇನ್ನಷ್ಟು ಸೇರುತ್ತದೆ.

ಇದನ್ನು ಪತ್ತೆಹಚ್ಚಲು ಎಣ್ಣೆಯ ಫಿಲ್ಟರನ್ನು ಕತ್ತರಿಸಿ, ಮಡಿಕೆಯ ಕಾಗದ ಬಿಡಿಸಿ, ಸಾಲ್ವೆಂಟ್‌ನಲ್ಲಿ ತೊಳೆದು, ಉಳಿದ ಕಣಗಳ ಬಳಿ ಅಯಸ್ಕಾಂತ ಹಿಡಿಯಬೇಕು. ಅಂಟಿಕೊಂಡರೆ ಉಕ್ಕು; ಮೊದಲ ಸಂಶಯ ಕ್ಯಾಮ್ ಮತ್ತು ಟ್ಯಾಪೆಟ್ ಮೇಲೆ. ಆದರೆ ಬಹುಕಾಲ ನಿಂತ ಎಂಜಿನ್ನಿನಲ್ಲಿ ಫಿಲ್ಟರ್ ಸ್ವಚ್ಛವಾಗಿದ್ದರೂ ಅದನ್ನು ನಂಬುವಂತಿಲ್ಲ, ಏಕೆಂದರೆ ಲೋಹ ಉದುರುವುದು ಓಡತೊಡಗಿದ ಮೇಲೆ. ಅಂಥದ್ದರಲ್ಲಿ ಒಂದು ಸಿಲಿಂಡರ್ ತೆಗೆಸಿ ಕ್ಯಾಮನ್ನು ಕಣ್ಣಾರೆ ನೋಡುವುದೇ ಸರಿ. 1977ರಿಂದ 1980ರವರೆಗಿನ 172ಎನ್ ಮಾದರಿಯ ಎಚ್2ಎಡಿ ಎಂಜಿನ್ನಿನಲ್ಲಿ ಕ್ಯಾಮ್ ಸವೆತದ ಕಾಟ ಜಾಸ್ತಿ. ಅದಕ್ಕೆ ಎಲ್‌ಡಬ್ಲ್ಯೂ-16702 ಎಂಬ ಸೇರ್ಪಡೆಯನ್ನು ಎಣ್ಣೆಗೆ ಬೆರೆಸಬೇಕೆಂದು ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಕಡ್ಡಾಯ ಮಾಡಿದೆ. ಲಾಗ್‌ಬುಕ್‌ನಲ್ಲಿ ಎಣ್ಣೆ ಬದಲಿಸಿದ ಪ್ರತಿ ನಮೂದಿನಲ್ಲೂ ಅದು ಇದೆಯೇ ನೋಡಿ. ಈ ಎಂಜಿನ್ನಿನಲ್ಲಿ ಒಂದು ಅನುಕೂಲವೂ ಉಂಟು: ಕೇಸ್ ಬಿಚ್ಚದೆಯೇ ಟ್ಯಾಪೆಟ್‌ಗಳನ್ನು ಹೊರಗೆಳೆದು ಪರೀಕ್ಷಿಸಬಹುದು.

ಕಂಪ್ರೆಷನ್ ಪರೀಕ್ಷೆಯನ್ನು ಎಂಜಿನ್ ಬಿಸಿಯಿರುವಾಗಲೇ ಮಾಡಬೇಕು. 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟು ಸಿಲಿಂಡರ್ ಎಷ್ಟು ಹಿಡಿದಿಡುತ್ತದೆ ಎಂದು ನೋಡುವುದು. ನಾಲ್ಕೂ 70ರ ಮೇಲಿದ್ದು ಒಂದಕ್ಕೊಂದು ಹತ್ತಿರವಿದ್ದರೆ ಒಳ್ಳೆಯದು; 65ಕ್ಕಿಂತ ಇಳಿದರೆ ಕಾರಣ ಹುಡುಕಬೇಕು; 60ಕ್ಕಿಂತ ಕೆಳಗಾದರೆ ಆ ಸಿಲಿಂಡರ್ ತೆಗೆಯುವ ಮಾತು. ಸೋರಿಕೆ ಎಲ್ಲಿ ಎಂಬುದನ್ನು ಕಿವಿಯೇ ಹೇಳುತ್ತದೆ: ಸುಯ್ಯೆನ್ನುವ ಸದ್ದು ಸೈಲೆನ್ಸರ್ ಕೊಳವೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ತುಂಬುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್, ಕಾರ್ಬ್ಯುರೇಟರ್ ಕಡೆಯಿಂದಾದರೆ ಇಂಟೇಕ್ ವಾಲ್ವ್. ಒಂದೇ ಅಳತೆಯ ಮೇಲೆ ತೀರ್ಪು ಬೇಡ. ಒಂದು ಗಂಟೆ ಹಾರಿಸಿ ಮತ್ತೆ ನೋಡಿ, ಸಿಲಿಂಡರಿನೊಳಗೆ ಇಣುಕುವ ಸಣ್ಣ ಕ್ಯಾಮೆರಾ ಬೋರೋಸ್ಕೋಪ್ ಇಳಿಸಿ ಎಕ್ಸಾಸ್ಟ್ ವಾಲ್ವ್‌ನ ಮುಖ ನೋಡಿ. ಬಣ್ಣದ ಉಂಗುರಗಳು ನಡುವಿನಿಂದ ಸಮನಾಗಿ ಹರಡಿದ್ದರೆ ಸರಿ. ಒಂದು ಪಕ್ಕದ ಅಂಚು ಮಾತ್ರ ಬೇರೆ ಬಣ್ಣಕ್ಕೆ ತಿರುಗಿದ್ದರೆ ವಾಲ್ವ್ ಸುಡತೊಡಗಿದೆ.

ವಿಮಾನದ ದೇಹದ ವಿಷಯದಲ್ಲಿ ಹೊರಗಿನ ಬಣ್ಣಕ್ಕೆ ಮಾರುಹೋಗದೆ, ಸೀಟು, ಕಾರ್ಪೆಟ್, ಒಳಛಾವಣಿಯ ಬಟ್ಟೆ ತೆಗೆಸಿ. 1996ರಲ್ಲಿ ತಯಾರಿಕೆ ಮತ್ತೆ ಶುರುವಾದ ಮೇಲಿನ ವಿಮಾನಗಳಿಗೆ ಒಳಭಾಗದಲ್ಲಿ ಎಪಾಕ್ಸಿ ರಕ್ಷಣೆ ಇದೆ. ಅದಕ್ಕಿಂತ ಹಳೆಯವುಗಳಲ್ಲಿ ಸಾಮಾನ್ಯವಾಗಿ ಬರಿಯ ಅಲ್ಯೂಮಿನಿಯಂ. ಕಡಲತೀರದಲ್ಲಿ ಬಯಲಿಗೆ ನಿಂತಿದ್ದರೆ ಅಲ್ಯೂಮಿನಿಯಂ ತುಕ್ಕಿನ ಬಿಳಿಪುಡಿ ಹುಡುಕಲೇಬೇಕು, ಮುಖ್ಯವಾಗಿ ಎರಡು ರೆಕ್ಕೆಗಳನ್ನು ಛಾವಣಿಯೊಳಗೆ ಬೆಸೆಯುವ ಅಡ್ಡತೊಲೆಯಲ್ಲಿ. ರೆಕ್ಕೆಗೆ ಆನಿಕೆಯಾದ ಓರೆಕಂಬ, ಅಂದರೆ ಸ್ಟ್ರಟ್, ಬಂದು ಕೂಡುವ ಬಾಗಿಲುಕಂಬದ ಬುಡದಲ್ಲಿ ಬಿರುಕು ನೋಡಿ. ಸೀಟು ಜಾರುವ ಹಳಿಯ ತೂತುಗಳು ಸವೆದು ಉದ್ದವಾಗಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಜಾರಿ, ಪೈಲಟ್ ಹಿಡಿದ ಚುಕ್ಕಾಣಿ (ಯೋಕ್) ಜೊತೆಗೇ ಬಂದು, ಮೂತಿ ಮೇಲೆದ್ದು ಜೀವಗಳು ಹೋಗಿವೆ. ಎಂಜಿನ್ ಹಿಂದಿನ ಫೈರ್‌ವಾಲ್‌ನ ಕೆಳಭಾಗ ಸುಕ್ಕಾಗಿದ್ದರೆ, ಮೂತಿಚಕ್ರದ ಮೇಲೆ ಬಿರುಸಾಗಿ ಇಳಿದ ಗುರುತು.

ಕಾಗದಗಳನ್ನು ಇವೆಲ್ಲಕ್ಕಿಂತ ಮೊದಲು ನೋಡಿ. ಅದಕ್ಕೆ ಹ್ಯಾಂಗರ್‌ಗೆ ಹೋಗಬೇಕಾಗಿಲ್ಲ. ಲಾಗ್‌ಬುಕ್‌ಗಳ ಸ್ಕ್ಯಾನ್ ತರಿಸಿಕೊಳ್ಳಿ. ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ನೋಂದಣಿ ಕಚೇರಿಯ ದಾಖಲೆಯಲ್ಲಿ ಸಾಲದ ಹಕ್ಕು ಬಾಕಿ ಇದೆಯೇ, ದೊಡ್ಡ ರಿಪೇರಿಗೆ ಸಲ್ಲಿಸುವ 337ನೇ ಫಾರಂಗಳಲ್ಲಿ ಏನಿದೆ ಎಂದು ಹುಡುಕಿಸಿ. ನಡುವೆ ಕಾರಣ ಬರೆಯದೆ ಹೊಸ ಪ್ರೊಪೆಲರ್ ಬಂದಿದ್ದರೆ, ಹಳೆಯದು ನೆಲಕ್ಕೆ ಬಡಿಯಿತೇ ಎಂದು ಕೇಳಿ. ಬಡಿದಿದ್ದರೆ ಎಂಜಿನ್ ಬಿಚ್ಚಿ ನೋಡಬೇಕೆನ್ನುವುದು ಲೈಕಮಿಂಗ್‌ನ ಸೂಚನೆ. ನೋಡಿದ ದಾಖಲೆ ಸಿಗಬೇಕು.

ಇನ್ನು ಬೆಲೆ. ಅಂಕಿಗಳು ಲೆಕ್ಕ ತಿಳಿಸಲಷ್ಟೇ. ಅರ್ಧ ಸವೆದ ಎಂಜಿನ್ ಇರುವ ಒಂದು 172ಪಿ ಮಾರುಕಟ್ಟೆಯಲ್ಲಿ 1,10,000 ಡಾಲರ್, ಇಳಿಸಿ ಏರಿಸುವ ಕೂಲಿ ಸೇರಿ ಓವರ್‌ಹಾಲ್ ಖರ್ಚು 40,000 ಡಾಲರ್ ಎಂದಿಟ್ಟುಕೊಳ್ಳೋಣ. ತಯಾರಕರು ಹೇಳುವ ಆಯಸ್ಸು 2,000 ಗಂಟೆ. ಅಂದರೆ ಗಂಟೆಗೆ 20 ಡಾಲರ್. 1,600 ಗಂಟೆ ಓಡಿದ್ದರೆ ಅರ್ಧಕ್ಕಿಂತ 600 ಗಂಟೆ ಹೆಚ್ಚು, 12,000 ಕಳೆದು 98,000. ಇನ್ನೊಂದು 300 ಗಂಟೆಯದ್ದು, ಆದರೆ ಓವರ್‌ಹಾಲ್ ಆಗಿ 20 ವರ್ಷ. ಮಾರುವವರು 700 ಗಂಟೆ ಉಳಿತಾಯಕ್ಕೆ 14,000 ಸೇರಿಸಿ 1,24,000 ಕೇಳುತ್ತಾರೆ. ಅದೇ ತಯಾರಕರು 12 ವರ್ಷದ ಮಿತಿಯನ್ನೂ ಹೇಳಿದ್ದಾರೆ. ಸ್ವಂತ ಬಳಕೆಗೆ ಅದು ಕಡ್ಡಾಯವಲ್ಲ ನಿಜ, ಆದರೆ ಬೆಲೆ ಕಟ್ಟುವಾಗ ಆ ಎಂಜಿನ್ನಿನ ಆಯಸ್ಸು ಮುಗಿದಿದೆ ಎಂದೇ ಹಿಡಿಯಬೇಕು: 20,000 ಕಳೆದು 90,000. ಪ್ರತಿ ವರ್ಷ ತಪ್ಪದೆ ಹಾರಿ 12 ವರ್ಷದೊಳಗೆ 1,600 ಮುಟ್ಟಿದ ಎಂಜಿನ್ನಿಗೆ ಹೆಚ್ಚು ಕೊಡುವುದೇ ನ್ಯಾಯ. ಸಿಲಿಂಡರ್‌ಗಳನ್ನಷ್ಟೇ ಬದಲಿಸಿದ "ಟಾಪ್ ಓವರ್‌ಹಾಲ್" ಆಗಿದ್ದರೆ ಗಂಟೆಯ ಲೆಕ್ಕ ಸೊನ್ನೆಗೆ ಬರುವುದಿಲ್ಲ.

ಹೊಸ ರೇಡಿಯೊ, ಪರದೆಗಳಿಗೆ ಮಾಲೀಕರು ಹಾಕಿದ ಪೂರ್ತಿ ದುಡ್ಡನ್ನು ಕೊಡಬೇಕಾಗಿಲ್ಲ. ಆದರೆ ವಿಮಾನ ಎಲ್ಲಿದೆ ಎಂದು ತಾನಾಗಿ ಬಿತ್ತರಿಸುವ ಎಡಿಎಸ್-ಬಿ ಔಟ್ ಸಾಧನ ಇಲ್ಲದಿದ್ದರೆ ಅಳವಡಿಸುವ ಖರ್ಚನ್ನು ಪೂರ್ತಿ ಕಳೆಯಿರಿ. 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತಲಿನ ಆಕಾಶಕ್ಕೆ ಅದು ಬೇಕೇ ಬೇಕು.

ತಪಾಸಣೆಗೆ ಆ ವಿಮಾನವನ್ನು ಇದುವರೆಗೆ ನೋಡಿಕೊಂಡ ಮೆಕ್ಯಾನಿಕ್ ಬೇಡ, ಸೆಸ್ನಾ ಬಲ್ಲ ಬೇರೊಬ್ಬರು ಬೇಕು. ಕೊಳ್ಳುವ ಮುನ್ನಿನ ತಪಾಸಣೆ ಹೀಗೇ ಇರಬೇಕೆಂಬ ನಿಯಮವಿಲ್ಲ, ಹಾಗಾಗಿ ಏನೇನು ನೋಡಬೇಕೆಂದು ಬರೆದುಕೊಡಿ. ಕಾಗದ, ಫಿಲ್ಟರ್, ಬೋರೋಸ್ಕೋಪ್, ಕಂಪ್ರೆಷನ್, ಆಮೇಲೆ ಒಳಾಂಗಣ: ಈ ಕ್ರಮದಲ್ಲಿ ಹೋದರೆ ದೊಡ್ಡ ದೋಷ ಕಂಡ ಕೂಡಲೇ ನಿಲ್ಲಿಸಿ ಉಳಿದ ಕೂಲಿ ಉಳಿಸಬಹುದು. ಹಾರಾಟದ ಯೋಗ್ಯತೆಗೆ ಅಡ್ಡಿಯಾಗುವ ದೋಷ ಸಿಕ್ಕರೆ ಖರ್ಚು ಮಾರುವವರದ್ದು, ಇಲ್ಲವಾದರೆ ಮುಂಗಡ ವಾಪಸು ಎಂಬ ಷರತ್ತನ್ನು ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.