ಹಾರ್ಡನರ್ ಹೆಪ್ಪಲ್ಲ

ಹಾಲಿಗೆ ಹೆಪ್ಪು ಜಾಸ್ತಿ ಬಿದ್ದರೆ ಮೊಸರು ಹುಳಿಯಾದೀತು, ಆದರೆ ಮೊಸರಂತೂ ಆಗುತ್ತದೆ. ಎಪಾಕ್ಸಿ ರೆಸಿನ್ ಎಂಬ ದ್ರವವನ್ನು ಅಚ್ಚಿಗೆ ಸುರಿದು ಕೀಚೈನ್, ಟ್ರೇ, ಗಡಿಯಾರ ಮಾಡುವವರು, ಅದು ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರನ್ನೂ ಇದೇ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಬೇಗ ಗಟ್ಟಿಯಾಗಲಿ ಎಂದು ಒಂದಿಷ್ಟು ಹೆಚ್ಚೇ ಸುರಿಯುತ್ತಾರೆ. ಮೂರು ದಿನ ಕಳೆದರೂ ಬೆರಳಿಟ್ಟರೆ ಅಂಟು. ‘ಇನ್ನೂ ಒಣಗಿಲ್ಲ’ ಎಂದು ಬಿಸಿಲಿಗಿಡುತ್ತಾರೆ.

ಎಪಾಕ್ಸಿ ಒಣಗುವ ವಸ್ತುವೇ ಅಲ್ಲ. ಆರಿಹೋಗಲು ಅದರಲ್ಲಿ ನೀರಿಲ್ಲ, ಥಿನ್ನರಿಲ್ಲ. ಅಲ್ಲಿ ನಡೆಯುವುದು ಜೋಡಣೆ. ರೆಸಿನ್ ಅಣುವಿನ ಎರಡು ತುದಿಗೆ ಎರಡು ಕಾಜ, ಹಾರ್ಡನರಿನ ಅಮೀನ್ ಅಣುವಿಗೆ ಹಲವು ಗುಂಡಿ. ಪ್ರತಿ ಗುಂಡಿಗೂ ಒಂದು ಕಾಜ ಸಿಕ್ಕಾಗಲೇ ಬಲೆ ಪೂರ್ತಿಯಾಗಿ ಗಟ್ಟಿಯಾಗುವುದು. ಗುಂಡಿ ಹೆಚ್ಚಿಸಿದರೆ ಅಂಗಿ ಭದ್ರವಾಗುವುದಿಲ್ಲ, ಮಿಕ್ಕವು ಜೋತಾಡುತ್ತವೆ. ಕೋಲಾಟದಲ್ಲಿ ಜತೆಗಾರನಿಲ್ಲದವನು ಗಾಳಿಗೆ ಕೋಲು ಬೀಸಿದ ಹಾಗೆ. ಕೈಗೆ ಹತ್ತುವ ಅಂಟು ಈ ಜೋಡಿಯಿಲ್ಲದ ಅಣುಗಳದ್ದು. ಫೈಬರ್‌ಗ್ಲಾಸ್ ಕೆಲಸದ ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವ ಎಂಇಕೆಪಿ ಎಂಬ ರಾಸಾಯನಿಕ ಮಾತ್ರ ಹೆಚ್ಚುಕಡಿಮೆ ಹೆಪ್ಪಿನ ಜಾತಿ, ಶೇ. 1ರಿಂದ 2 ಸಾಕು.

1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಎಪಾಕ್ಸಿಯ ಬೆನ್ನು ಹತ್ತಿದ್ದು ದಂತವೈದ್ಯರ ಬಳಕೆಗಾಗಿ. ಅದು 1946ರಲ್ಲಿ ಅರಾಲ್ಡೈಟ್ ಅಂಟಾಗಿ ಮಾರುಕಟ್ಟೆಗೆ ಬಂತು. ಹಾರ್ಡ್‌ವೇರ್ ಅಂಗಡಿಯ ಅರಾಲ್ಡೈಟಿನ ರೆಸಿನ್, ಹಾರ್ಡನರ್ ಎರಡು ಟ್ಯೂಬುಗಳನ್ನು ಸಮಸಮ ಹಿಂಡಿ ಎನ್ನುವುದು ಇದೇ ಲೆಕ್ಕಕ್ಕೆ.

ಚಿಕ್ಕ ಅಚ್ಚುಗಳೇ ಹೆಚ್ಚು ಕೈಕೊಡುತ್ತವೆ. 3:1ರ ರೆಸಿನ್‌ನಲ್ಲಿ 9 ಮಿಲಿಗೆ 3 ಮಿಲಿ ಹಾರ್ಡನರ್ ಬೇಕು. 1 ಮಿಲಿ ತಪ್ಪಿದರೆ ಮೂರನೇ ಒಂದು ಪಾಲೇ ಹೋಯಿತು. ತೂಕದ್ದು ಇನ್ನೊಂದು ಪೇಚು. ರೆಸಿನ್ ಮಿಲಿಗೆ ಸುಮಾರು 1.15 ಗ್ರಾಂ, ಹಾರ್ಡನರ್ 1 ಗ್ರಾಂ ಆಸುಪಾಸು. ಬಾಟಲಿಯ ಮೇಲೆ ಮಿಲಿ ಅಳತೆಯಲ್ಲಿ 2:1 ಎಂದಿದ್ದನ್ನು ತಕ್ಕಡಿಯಲ್ಲಿ 2:1 ತೂಗಿದರೆ ಹಾರ್ಡನರ್ ಶೇ. 15ರಷ್ಟು ಹೆಚ್ಚಾಗುತ್ತದೆ.

ಈಗ ಅಂಟಿಗೆ ಮದ್ದು. ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಜೋಡಿಯಾಗದ ಅಮೀನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಳಗೆ ಗಟ್ಟಿಯಿದ್ದು ಮೇಲೆ ಮಾತ್ರ ಮೇಣದಂಥ ಜಿಡ್ಡಿದ್ದರೆ ಅದು ಅಮೀನ್ ಬ್ಲಶ್. ಮಳೆಗಾಲದ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಸುಲಭವಾಗಿ ಆಗುವಂಥದ್ದು: ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡೂ ಅಮೀನಿನೊಡನೆ ಸೇರಿ ಆಗುವ ಲವಣ. ಉಗುರುಬೆಚ್ಚಗಿನ ನೀರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಸಾಕು. ತೊಳೆಯುವ ಮುಂಚೆ ಉಪ್ಪುಕಾಗದ ಹಿಡಿದರೆ ಜಿಡ್ಡು ಗೀರುಗಳೊಳಗೆ ಇಳಿಯುತ್ತದೆ.

ಮೇಲೆಲ್ಲ ಒಂದೇ ಸಮ ಅಂಟಿದ್ದರೆ, ಕೋಣೆ 20 ಡಿಗ್ರಿಗಿಂತ ತಣ್ಣಗಿತ್ತೇ ನೋಡಿ. 30 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಿ. ಆಗಲೂ ಅಂಟು ಹೋಗದಿದ್ದರೆ ತಪ್ಪಿರುವುದು ಅಳತೆ, ಕಾದು ಫಲವಿಲ್ಲ. ಅಂಟನ್ನು ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಆರಿದ ಮೇಲೆ ಸರಿಯಾಗಿ ಅಳೆದ ಹೊಸ ರೆಸಿನ್‌ನ 2–3 ಮಿಲಿಮೀಟರ್ ಪದರ ಹರಿಸಿ. ಒಳಗೂ ಜೆಲ್ಲಿಯಂತಿದ್ದರೆ ಕಸಕ್ಕೆ. ಟಾಲ್ಕಂ ಪೌಡರ್, ನೇಲ್ ಪಾಲಿಶ್ ಬಳಿಯುವುದು ಬರೀ ಮುಚ್ಚುಮರೆ.

ಅಲ್ಲಲ್ಲಿ ಮಾತ್ರ ಅಂಟುವ ಮಚ್ಚೆಗಳು ರೆಸಿನ್ ಕಲಕಿದ ಕಪ್‌ನ ಒಳಗೋಡೆಯಿಂದ ಬಂದವು. ಬದಿಗೆ ಮೆತ್ತಿಕೊಂಡ ರೆಸಿನ್ ಕಲಕುವ ಕಡ್ಡಿಗೆ ಸಿಕ್ಕಿರುವುದಿಲ್ಲ, ಕೊನೆಗೆ ಕಪ್ ಬಗ್ಗಿಸಿ ಬಳಿದಾಗ ಹಾಗೇ ಅಚ್ಚಿಗೆ ಬೀಳುತ್ತದೆ. ಮೂರು ನಿಮಿಷ ತಳ, ಬದಿ ಕೆರೆಯುತ್ತ ಕಲಕಿ, ಇನ್ನೊಂದು ಕಪ್ಪಿಗೆ ಸುರಿದು ಮತ್ತೊಂದು ನಿಮಿಷ ಕಲಕಿ. ಮೊದಲ ಕಪ್ಪಿನಲ್ಲಿ ಉಳಿದದ್ದು ಎಷ್ಟೇ ಇರಲಿ, ಬಳಿಯಬೇಡಿ.