ಗೊತ್ತಿದ್ರೂ ಕೈ ಯಾಕೆ ಅಲ್ಲಿಗೇ ಹೋಗುತ್ತೆ? ಫ್ರಂಟಲ್ ಲೋಬ್ (ಹಣೆ ಹಿಂದಿನ ಮೆದುಳಿನ ಭಾಗ) ಬಗ್ಗೆ ನನ್ನ ನೋಟ್ಸ್

ಮೆದುಳಿನ ಚಾಪ್ಟರ್ ಅಂದ್ರೆ ಈ ಭಾಗ ನೆನಪಿಗೆ, ಆ ಭಾಗ ಮಾತಿಗೆ ಅಂತ ಟೇಬಲ್ ಹಾಕಿ ಉರು ಹೊಡೆಯೋದು, ಎಲ್ಲರೂ ಮಾಡೋದು ಅದೇ. ನಾನೂ ಹಾಗೇ ಓದ್ದೆ, ಆದ್ರೆ ಡಿಸಿಷನ್ ಮೇಕಿಂಗ್ ಬಂದಾಗ ಆ ಟೇಬಲ್ ಕೈಕೊಡ್ತು. ಯಾವುದು ಸರಿ ಅಂತ ಗೊತ್ತಿರೋದು ಬೇರೆ, ಅದರ ಪ್ರಕಾರ ಕೈಕಾಲು ನಡೆಯೋದು ಬೇರೆ, ಇದೊಂದು ತಲೆಗೆ ಹೋದ್ರೆ ಉಳಿದದ್ದು ತಾನಾಗೇ ಕೂಡಿಕೊಳ್ಳುತ್ತೆ.

ಫಿನಿಯಸ್ ಗೇಜ್ ಕಥೆ ನಿಮಗೆ ಗೊತ್ತೇ ಇರುತ್ತೆ: 1848, ಅಮೆರಿಕದ ವರ್ಮಾಂಟ್, ರೈಲ್ವೆ ಕೆಲಸ, ಬಂಡೆ ಸಿಡಿಸೋ ಮದ್ದು ಜಡಿಯೋವಾಗ ಮೂರೂವರೆ ಅಡಿ ಮೀರಿದ ಕಬ್ಬಿಣದ ಸಲಾಕೆ ಎಡಗೆನ್ನೆಯಿಂದ ಹೊಕ್ಕು, ಫ್ರಂಟಲ್ ಲೋಬ್ ಸೀಳಿ, ನೆತ್ತಿಯಿಂದ ಹೊರಗೆ ಬಿತ್ತು, ಆದ್ರೂ ಬದುಕಿದ. ಸ್ವಭಾವ ಬದಲಾಯ್ತು ಅಂತ ಅವನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹಾರ್ಲೋ ಬರೆದಿದ್ದಾರೆ. ಆದ್ರೆ ಅವನ ಬಾಳೇ ಹಾಳಾಯ್ತು ಅಂತ ಮಾತ್ರ ಪರೀಕ್ಷೇಲಿ ಬರೀಬೇಡಿ, ಆಮೇಲೆ ಅವನು ಚಿಲಿಯಲ್ಲಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ್ದಾನೆ, ಅದೇನು ಸುಲಭದ ಕೆಲಸ ಅಲ್ಲ.

ನನಗೆ ನಿಜವಾಗಿ ವಿಷಯ ಅರ್ಥ ಆಗಿದ್ದು ಅಯೋವಾ ಗ್ಯಾಂಬ್ಲಿಂಗ್ ಟಾಸ್ಕ್ ಅನ್ನೋ ಜೂಜಿನ ಪ್ರಯೋಗದಿಂದ. ಮೆದುಳಿನ ಸಂಶೋಧಕರಾದ ಬೆಚಾರಾ, ಡಮಾಸಿಯೋ ಮತ್ತೆ ಜೊತೆಗಾರರು 1994ರಲ್ಲಿ ಪ್ರಕಟಿಸಿದ್ದು. ಮುಂದೆ ನಾಲ್ಕು ಕಟ್ಟು ಇಸ್ಪೀಟು, ಕೈಗೆ 2000 ಡಾಲರ್ ಆಟದ ದುಡ್ಡು, ಒಟ್ಟು 100 ಸಲ ಎಲೆ ಎತ್ತಬೇಕು. ಎ, ಬಿ ಕಟ್ಟಲ್ಲಿ ಪ್ರತಿ ಎಲೆಗೂ 100 ಡಾಲರ್ ಬರುತ್ತೆ, ಆದ್ರೆ ನಡುನಡುವೆ ದಂಡ ಬಿದ್ದು ಹತ್ತು ಎಲೆ ಮುಗಿಯೋಷ್ಟರಲ್ಲಿ 250 ಲಾಸು. ಸಿ, ಡಿ ಕಟ್ಟಲ್ಲಿ ಎಲೆಗೆ 50 ಮಾತ್ರ, ಆದ್ರೆ ಹತ್ತು ಎಲೆಗೆ 250 ಉಳಿಯುತ್ತೆ. ಲೆಕ್ಕ ಮೊದಲೇ ಯಾರೂ ಹೇಳಲ್ಲ.

ಸಾಮಾನ್ಯವಾಗಿ ಜನ ಒಂದಷ್ಟು ಎಲೆ ಆದ್ಮೇಲೆ ಸಿ, ಡಿ ಕಡೆ ತಿರುಗ್ತಾರೆ, ಜೊತೆಗೆ ಎ, ಬಿ ಕಡೆ ಕೈ ಚಾಚೋಕೆ ಮುಂಚೆನೇ ಅವರ ಅಂಗೈ ಸಣ್ಣಗೆ ಬೆವರುತ್ತೆ, ಬೆವರು ಅಳೆಯೋ ಮೀಟರ್‌ನಲ್ಲಿ ಕಾಣುತ್ತೆ. ವೆಂಟ್ರೋಮೀಡಿಯಲ್ ಪ್ರೀಫ್ರಂಟಲ್ ಭಾಗ, ಅಂದ್ರೆ ಹಣೆ ಹಿಂದೆ ಕೆಳಗಡೆ ನಟ್ಟನಡುವಿನ ಜಾಗ, ಅಲ್ಲಿ ಪೆಟ್ಟಾದವರಿಗೆ ದುಡ್ಡು ಹೋದ್ಮೇಲೆ ಬೆವರುತ್ತೆ, ಹೋಗೋಕೆ ಮುಂಚೆ ಬೆವರಲ್ಲ. ಅವರಲ್ಲಿ ಕೆಲವರು ‘ಎ, ಬಿ ಕೆಟ್ಟ ಕಟ್ಟು’ ಅಂತ ಬಾಯಲ್ಲೇ ಹೇಳಿ ಮತ್ತೆ ಅದರಿಂದಲೇ ಎಲೆ ಎತ್ತಿದ್ರು, ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. (ಈ ಬೆವರು ನೋಡಿ, ಮನಸ್ಸಿಗೆ ತಿಳಿಯೋಕೆ ಮುಂಚೆ ಮೈಗೆ ತಿಳಿಯುತ್ತೆ ಅಂತ ಮಾಡಿದ ವಾದಕ್ಕೆ 2004ರಲ್ಲಿ ಮಾಯಾ, ಮೆಕ್‌ಲೆಲೆಂಡ್ ಅನ್ನೋ ಸಂಶೋಧಕರು ತಕರಾರು ತೆಗೆದ್ರು, ಸರಿಯಾಗಿ ಕೇಳಿದ್ರೆ ಆಡೋರಿಗೆ ಬೇಗನೇ ಗೊತ್ತಿರುತ್ತೆ ಅಂತ. ಅದು ನ್ಯಾಯವಾದ ತಕರಾರು ಅಂತ ನನ್ನ ಅಭಿಪ್ರಾಯ.)

ಡಾರ್ಸೊಲ್ಯಾಟರಲ್ ಪ್ರೀಫ್ರಂಟಲ್ ಭಾಗಕ್ಕೆ, ಅಂದ್ರೆ ಹಣೆ ಹಿಂದೆ ಮೇಲ್ಗಡೆ ಪಕ್ಕದ ಜಾಗಕ್ಕೆ, ಒಂದೇ ಸಾಲು: ಓಟಿಪಿ ಟೈಪ್ ಮಾಡೋವರೆಗೂ ತಲೇಲಿ ಹಿಡ್ಕೊಳ್ಳೋ ಕೆಲಸ.

ಇನ್ನು ತಡೆಯೋದು. ಫ್ರಾನ್ಸ್‌ನ ನರವೈದ್ಯ ಲೆರ್ಮಿಟ್ 1983ರಲ್ಲಿ ವಿವರಿಸಿದ್ದು ನೋಡಿ: ಫ್ರಂಟಲ್ ಲೋಬ್‌ಗೆ ಪೆಟ್ಟಾದ ರೋಗಿ ಮುಂದೆ ಕನ್ನಡಕ ಇಟ್ರೆ ಹಾಕ್ಕೊಳ್ತಾರೆ, ಇನ್ನೊಂದು ಇಟ್ರೆ ಮೊದಲನೇದನ್ನ ತೆಗೆಯದೇ ಅದರ ಮೇಲೇ ಹಾಕ್ಕೊಳ್ತಾರೆ, ಯಾರೂ ಹಾಕ್ಕೋ ಅಂದಿರಲ್ಲ. ವಸ್ತು ಕಂಡ ಕೂಡ್ಲೇ ಕೈ ಎದ್ದೇಳುತ್ತೆ, ನಮಗೂ ಏಳುತ್ತೆ, ಫ್ರಂಟಲ್ ಲೋಬ್ ಈಗ ಬೇಡ ಅಂತ ಹಿಡಿದಿಟ್ಟಿರುತ್ತೆ ಅಷ್ಟೇ.

ಆ ಹಿಡಿತದಲ್ಲಿ ಬೇಸಲ್ ಗ್ಯಾಂಗ್ಲಿಯಾಗೂ, ಅಂದ್ರೆ ಮೆದುಳಿನ ಒಳಗಡೆ ಇರೋ ನರಕೋಶಗಳ ಗುಂಪುಗಳಿಗೂ, ಪಾಲಿದೆ. ಕೆರೆ ತೂಬು ನೆನೆಸ್ಕೊಳ್ಳಿ, ಅದು ಯಾವಾಗ್ಲೂ ಮುಚ್ಚೇ ಇರುತ್ತೆ, ಯಾವ ಗದ್ದೆಗೆ ನೀರು ಬೇಕೋ ಆ ಕಡೆದು ಮಾತ್ರ ತೆರೀತಾರೆ. ಹಾಗೇ ಆ ಗುಂಪಿನ ಗ್ಲೋಬಸ್ ಪ್ಯಾಲಿಡಸ್ ಅನ್ನೋ ಭಾಗ, ಚಲನೆಯ ಸಂದೇಶ ಮೆದುಳಿನ ಹೊರಪದರಕ್ಕೆ ದಾಟಿಸೋ ಥಲಾಮಸ್ಸನ್ನ ಸದಾ ಅದುಮಿಟ್ಟಿರುತ್ತೆ, ಅದೇ ಗುಂಪಿನ ಸ್ಟ್ರಯಾಟಮ್ ಬೇಕಾದ ಚಲನೆಗೆ ಮಾತ್ರ ಆ ಹಿಡಿತ ಸಡಿಲ ಮಾಡಿಸುತ್ತೆ. ಪಾರ್ಕಿನ್‌ಸನ್ಸ್ ಕಾಯಿಲೇಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಭಾಗದ ಕೋಶಗಳು ಸತ್ತು, ಅವು ಕಳಿಸೋ ಡೋಪಮೀನ್ ಅನ್ನೋ ರಾಸಾಯನಿಕ ಕಮ್ಮಿ ಆಗೋದ್ರಿಂದ ಈ ತೂಬು ಬಿಗಿಯಾಗುತ್ತೆ. ರೋಗಿಗೆ ನಡೀಬೇಕು ಅಂತ ಗೊತ್ತು, ಆಸೇನೂ ಇದೆ, ಆದ್ರೆ ಬಾಗಿಲ ಹತ್ರ ಬಂದು ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡ್ತಾರೆ. ಆಗ ನೆಲದ ಮೇಲೆ ಅಡ್ಡಡ್ಡ ಗೆರೆ ಎಳೆದ್ರೆ ಕಣ್ಣಿಂದ ಬರೋ ಬೇರೆ ದಾರಿ ಹಿಡಿದು, ಎಷ್ಟೋ ಜನ ಒಂದೊಂದೇ ಗೆರೆ ದಾಟ್ಕೊಂಡು ನಡೆದುಬಿಡ್ತಾರೆ.